ಚೀಟಿಯಲ್ಲಿ 'ಖಾಲಿ', ಒಳಗೆ ಅಲ್ಲ

"ಸರ್, ಇದರ ಹೈಡ್ರೋಜನ್ ಎಲ್ಲ ಬಂದಾಗಿದೆಯಲ್ಲ, ಸಿಂಕಲ್ಲಿ ತೊಳೆದುಬಿಡ್ಲಾ?" ಹೊಸದಾಗಿ ಸೇರಿದ ಹುಡುಗ ಕೇಳಿದ. ಕೈಯಲ್ಲಿ ಬೂದು ಪುಡಿಯ ಬಾಟಲಿ, ಮೇಲೆ 'ಖಾಲಿ' ಅಂತ ಚೀಟಿ. ಚೀಟಿ ಅಂಟಿಸಿದ್ದು ನಾನೇ, ಹಾಗಾಗಿ ಬೈಯುವ ಹಾಗೂ ಇರಲಿಲ್ಲ.

ಹೈಡ್ರೋಜನ್ ತುಂಬಿಡಲು ನಾವು ಬಳಸುತ್ತಿದ್ದದ್ದು ಟೈಟೇನಿಯಂ ಬೆರೆಸಿದ ಸೋಡಿಯಂ ಅಲನೇಟ್, ಅಂದರೆ ಸೋಡಿಯಂ, ಅಲ್ಯೂಮಿನಿಯಂ, ಹೈಡ್ರೋಜನ್ ಸೇರಿದ ಪುಡಿ. ಬರೀ ಅಲನೇಟಿನ ತೂಕದಲ್ಲಿ ಸುಮಾರು 7.4% ಹೈಡ್ರೋಜನ್. ಬಿಸಿ ಮಾಡಿದಾಗ ನಮಗೆ ಸಿಗೋದು ಹೆಚ್ಚೆಂದರೆ 5.6%. ಉಳಿದದ್ದು ಸೋಡಿಯಂ ಹೈಡ್ರೈಡ್ ಆಗಿ ಒಳಗೇ ಕೂತಿರುತ್ತದೆ. ಜೊತೆಗೆ ಹಿಟ್ಟಿನಷ್ಟು ನುಣುಪಾದ ಅಲ್ಯೂಮಿನಿಯಂ.

ಅದಕ್ಕೇ ನಾನು ಪುಡಿ ಹೊಸದೇ ಅಂದುಕೊಂಡು ಲೆಕ್ಕ ಹಾಕುತ್ತೇನೆ. 11 ಗ್ರಾಂ ಹೊಸ ಅಲನೇಟಿಗೆ ನೀರು ಸೇರಿದರೆ ಸುಮಾರು 20 ಲೀಟರ್ ಹೈಡ್ರೋಜನ್. ಕುಡಿಯುವ ನೀರಿನ ಒಂದು ದೊಡ್ಡ ಕ್ಯಾನ್ ತುಂಬ! ಹಾಗಾಗಿ ಎಸೆಯುವ ಮೊದಲು ಇದರ ಕಾವು ತೀರಿಸುವಾಗ ಒಂದು ಸಲಕ್ಕೆ 2 ಗ್ರಾಂ ಮೀರಲ್ಲ.

ಯಾವುದರ ಜೊತೆಗೂ ಸೇರದ ಆರ್ಗಾನ್ ಅನಿಲ ತುಂಬಿದ ಗ್ಲೋವ್ ಬಾಕ್ಸಿನಲ್ಲೇ (ಕೈಗವಸಿನ ಮೂಲಕ ಒಳಗೆ ಕೆಲಸ ಮಾಡುವ ಮುಚ್ಚಿದ ಪೆಟ್ಟಿಗೆ) ಪುಡಿಯನ್ನು ಮೂರು ಬಾಯಿಯ ಫ್ಲಾಸ್ಕಿಗೆ ಹಾಕಿ, ಚೆನ್ನಾಗಿ ಮುಳುಗುವಷ್ಟು ನೀರಿನಂಶವಿಲ್ಲದ ಹೆಪ್ಟೇನ್ ದ್ರಾವಕ ಸುರಿಯುತ್ತೇನೆ. ಆಮೇಲೆ ಫ್ಯೂಮ್ ಹುಡ್ (ಗ್ಯಾಸನ್ನು ಹೊರಗೆ ಎಳೆಯುವ ಗೂಡು) ಒಳಗೆ ಐಸ್, ಕಲಕಲು ಸ್ಟಿರರ್, ಆರ್ಗಾನ್, ಗ್ಯಾಸ್ ಎಣ್ಣೆಯಲ್ಲಿ ಗುಳ್ಳೆಯಾಗಿ ಹೊರಹೋಗಲು ಬಬ್ಲರ್. ಪಕ್ಕದಲ್ಲಿ ಒಣ ಮರಳಿನ ಬಕೆಟ್. ಗೋಡೆಗೆ ನೇತುಹಾಕಿದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಈ ಬೆಂಕಿಗೆ ಆಗಲ್ಲ. ಉರಿಯುವ ಲೋಹ ಅದರ ಆಕ್ಸಿಜನ್ನನ್ನೂ ಕಿತ್ತುಕೊಳ್ಳುತ್ತದೆ. ಹೆಪ್ಟೇನಿನಲ್ಲಿ ಬೆರೆಸಿದ ಐಸೊಪ್ರೊಪನಾಲ್ (ನೀರಿಗಿಂತ ನಿಧಾನವಾಗಿ ಕೆಲಸ ಮಾಡುವ ಆಲ್ಕೋಹಾಲ್) ತೊಟ್ಟು ತೊಟ್ಟಾಗಿ ಬಿಡಬೇಕು. ಬಬ್ಲರ್ ಜೋರಾದರೆ ಕೈ ತಡೆಯಬೇಕು.

ನನ್ನ ಮೊದಲ ಸಲ ಗುಳ್ಳೆ ನಿಂತಿತು, ಮುಗೀತು ಅಂದುಕೊಂಡು ಐಸ್ ತೆಗೆದು ನೀರು ಹಾಕಿದೆ. ಸ್ವಲ್ಪ ನೊರೆ ಎದ್ದು ಅಡಗಿತು. ಟೀ ಕುಡಿದು ಬರುವಷ್ಟರಲ್ಲಿ ಫ್ಲಾಸ್ಕ್ ಕೈ ಸುಡುತ್ತಿತ್ತು. ಹಾಲು ಉಕ್ಕಿದ ಹಾಗೆ ಬೂದು ನೊರೆ ಹುಡ್ ತುಂಬ ಹರಿದಿತ್ತು. ಬೆಂಕಿ ಹತ್ತಲಿಲ್ಲ, ಅದೃಷ್ಟ ಅಷ್ಟೇ. ಆಗಿದ್ದೇನೆಂದರೆ, ಐಸೊಪ್ರೊಪನಾಲ್ ಹೈಡ್ರೈಡಿನ ಲೆಕ್ಕ ಮಾತ್ರ ಮುಗಿಸಿತ್ತು. ಅಲ್ಯೂಮಿನಿಯಂ ಹಾಗೇ ಇತ್ತು. ನೀರು ಬಿದ್ದಾಗ ಒಳಗೇ ಕಾಸ್ಟಿಕ್ ಸೋಡಾ ತಯಾರಾಯಿತು. ಅದು ಅಲ್ಯೂಮಿನಿಯಂ ಮೇಲಿನ ತೆಳು ಪದರ ಕರಗಿಸೋವರೆಗೆ ಎಲ್ಲ ಸುಮ್ನಿತ್ತು. ಆಮೇಲೆ ಒಂದೇ ಸಲ ಶುರು.

ಈಗ ನೀರನ್ನೂ ಮೊದಲು ಐಸೊಪ್ರೊಪನಾಲಲ್ಲಿ ಬೆರೆಸಿಯೇ ಹಾಕುತ್ತೇನೆ. ಐಸ್ ತೆಗೆಯಲ್ಲ, ಟೀಗೂ ಹೋಗಲ್ಲ. ಗುಳ್ಳೆ ಪೂರ್ತಿ ನಿಂತ ಮೇಲೂ ರಾತ್ರಿಯಿಡೀ ಹುಡ್ ಒಳಗೆ ಮುಚ್ಚಳ ಹಾಕದೆ ಬಿಡುತ್ತೇನೆ. ಮಾರನೇ ದಿನ ಕ್ಷಾರದ ತೀವ್ರತೆ ಇಳಿಸಿ, ಲ್ಯಾಬಿನ ಕೆಮಿಕಲ್ ತ್ಯಾಜ್ಯಕ್ಕೆ.

ಹುಡುಗನ ಬಾಟಲಿಯಲ್ಲಿ 9 ಗ್ರಾಂ ಇತ್ತು. ಐದು ಸರದಿ. ಅವನಿಗೆ ಬೇಜಾರು ಬಂತು, ನನಗೂ. ಕೊನೆಯದಕ್ಕೆ ನೀರು ಹಾಕಿ 20 ನಿಮಿಷ ಏನೂ ಆಗಲಿಲ್ಲ. "ಈಗ ತೊಳೀಬಹುದಲ್ವಾ ಸರ್?" ಅಂದ. ಅಷ್ಟರಲ್ಲಿ ಬಬ್ಲರ್ ಗುಳುಕ್ ಅಂದಿತು. ಅವನೇ ಎದ್ದು ಹೋಗಿ ಇನ್ನಷ್ಟು ಐಸ್ ತಂದ.