ಪ್ರಮಾಣವಚನದ ದಿನ ಮತ್ತು ಅಪ್ಪನ ತೋಟದ ಪ್ರಶ್ನೆ

ಮೂಡಿಗೆರೆ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ರೋಬಸ್ಟಾ ಕಾಫಿಯ ಕೊಯ್ಲು ನಡೆಯುತ್ತಿದೆ. ಬಂದವರೆಲ್ಲ ಕೇಳುವುದು ಒಂದೇ ಮಾತು: "ಆಸ್ಟ್ರೇಲಿಯಾ ಸಿಟಿಜನ್ ಆದೆಯಂತಲ್ಲ, ಇನ್ನು ತೋಟದ ಗತಿ ಏನು?" ನನ್ನ ಹಾಗೆ ಹೊರಗೆ ಹೋದ ಮಲೆನಾಡಿನ ಮಕ್ಕಳು ಈಗ ಜಾಸ್ತಿ. ಅವರಿಗೆ ಉಪಯೋಗವಾಗಲಿ ಅಂತ ನಾನು ಮಾಡಿದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಅಪ್ಪನೂ ಮೊದಲು ಕೇಳಿದ್ದು ಅದನ್ನೇ. ಅರ್ಜಿ ಹಾಕುವ ಮುಂಚೆ ರಜೆಗೆ ಬಂದಿದ್ದೆ. ಪಹಣಿ ಮೇಜಿನ ಮೇಲಿಟ್ಟುಕೊಂಡು ಕೂತರು. ನಮ್ಮ ದೇಶದಲ್ಲಿ ಎರಡು ಪೌರತ್ವಕ್ಕೆ ಜಾಗವಿಲ್ಲ. ನಾವಾಗಿಯೇ ಬೇರೆ ದೇಶದ ಪೌರತ್ವ ತಗೊಂಡರೆ, 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಇಲ್ಲಿನದು ಹೋಗುತ್ತದೆ. ಆಮೇಲೆ ಓಸಿಐ ಕಾರ್ಡ್ (ಬೇರೆ ದೇಶದ ಪೌರರಾದ ಭಾರತೀಯ ಮೂಲದವರಿಗೆ ಭಾರತ ಸರ್ಕಾರ ಕೊಡುವ ಕಾರ್ಡ್) ಮಾಡಿಸಿಕೊಂಡು ಊರಿಗೆ ಬಂದು ಹೋಗಬಹುದು, ಆದರೆ ಓಟಿಲ್ಲ. ಕೃಷಿ ಜಮೀನನ್ನಾಗಲಿ ಕಾಫಿ ತೋಟವನ್ನಾಗಲಿ ಕೊಳ್ಳುವ ಹಾಗಿಲ್ಲ. ದಾನಪತ್ರದಲ್ಲೂ ಬರುವುದಿಲ್ಲ. ವಾರಸಾಗಿ ಮಾತ್ರ ಬರಬಹುದು. "ಹಾಗಾದ್ರೆ ದಾನಪತ್ರದ ಮಾತು ಬೇಡ, ವಿಲ್ ಬರೆದಿಡ್ತೀನಿ" ಅಂದರು ಅಪ್ಪ. ಮಾರನೇ ದಿನವೇ ಇಬ್ಬರೂ ಚಿಕ್ಕಮಗಳೂರಿಗೆ ಹೋಗಿ ವಕೀಲರನ್ನು ಕಂಡು ಬಂದೆವು. ಈ ಮಾತು ಪ್ರಮಾಣವಚನಕ್ಕೆ ಮುಂಚೆಯೇ ಮನೆಯಲ್ಲಿ ಆಗಿಬಿಡಬೇಕು.

ಆಸ್ಟ್ರೇಲಿಯಾ ಪೌರತ್ವದ ಪರೀಕ್ಷೆಗೆ ಹೆದರಬೇಕಾಗಿಲ್ಲ. 20 ಪ್ರಶ್ನೆ, ಪಾಸಾಗಲು ಶೇ. 75. ಮೌಲ್ಯಗಳ ಮೇಲಿನ ಐದು ಪ್ರಶ್ನೆ ಮಾತ್ರ ಐದೂ ಸರಿ ಇರಲೇಬೇಕು. ಕೆಲವು ತಿಂಗಳಾದ ಮೇಲೆ ಪ್ರಮಾಣವಚನಕ್ಕೆ ಕರೆ ಬಂತು. ದಿನ ನೋಡಿದರೆ 2024ರ ಜನವರಿ 26. ಅಲ್ಲಿ ಅದು ಆಸ್ಟ್ರೇಲಿಯಾ ಡೇ, ನಮಗೆ ಗಣರಾಜ್ಯೋತ್ಸವ. ಕಾಗದ ಹಿಡಿದುಕೊಂಡು ಅಡುಗೆಮನೆಯಲ್ಲೇ ತುಂಬಾ ಹೊತ್ತು ನಿಂತಿದ್ದೆ. ಬೇರೆ ದಿನ ಕೇಳೋಣ ಅನ್ನಿಸಿತು. ಅಪ್ಪನೇ ಬೇಡ ಅಂದರು.

ಒಂದು ತಪ್ಪು ಮಾಡಿದೆ, ನೀವು ಮಾಡಬೇಡಿ. ಮಾರ್ಚ್‌ಗೆ ಊರಿಗೆ ಟಿಕೆಟ್ ತೆಗೆದಿಟ್ಟಿದ್ದೆ. ಪ್ರಮಾಣ ಮಾಡಿದ ಕ್ಷಣಕ್ಕೆ ಅಲ್ಲಿನ ಪರ್ಮನೆಂಟ್ ವೀಸಾ ಮುಗಿಯುತ್ತದೆ. ಭಾರತದ ಪಾಸ್‌ಪೋರ್ಟನ್ನೂ ಬಳಸುವ ಹಾಗಿಲ್ಲ. ಹೊಸ ಪಾಸ್‌ಪೋರ್ಟ್ ಬರಬೇಕು, ಹಳೆಯದನ್ನು ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ತಗೋಬೇಕು, ಆಮೇಲೆ ಓಸಿಐ. ಟಿಕೆಟ್ ದುಡ್ಡು ಹೋದದ್ದು ಹೋಯಿತು. ಹೂ ಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿದ್ದನ್ನು ಫೋಟೋದಲ್ಲೇ ನೋಡಬೇಕಾಯಿತು. ಮನೆಯಲ್ಲಿ ವಯಸ್ಸಾದವರಿದ್ದರೆ ಮೊದಲು ಊರಿಗೆ ಬಂದುಹೋಗಿ, ಆಮೇಲೆ ಪ್ರಮಾಣ ಮಾಡಿ.

ಸಮಾರಂಭ ಇದ್ದದ್ದು ಮೆಲ್ಬರ್ನ್ ಹೊರವಲಯದ ಕೌನ್ಸಿಲ್ ಸಭಾಂಗಣದಲ್ಲಿ, ಬೆಳಿಗ್ಗೆ 11ಕ್ಕೆ. ಊರಲ್ಲಿ ಆಗ ಐದೂವರೆ. ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಅದಕ್ಕೆ ಅಪ್ಪ ಕಂಬಳಿ ಹೊದ್ದು ಕಣಕ್ಕೆ ಬಂದು, ಟಾರ್ಪಾಲು ಮುಚ್ಚಿದ ಕಾಫಿ ರಾಶಿಯ ಪಕ್ಕ ಕೂತಿದ್ದರು. ಫೋನಿನಲ್ಲಿ ಕಂಡದ್ದು ಅವರ ಉಲ್ಲನ್ ಟೋಪಿ, ಹಿಂದೊಂದು ಹಳದಿ ಬಲ್ಬು, ಅಷ್ಟೇ.

ಬಾಗಿಲಲ್ಲಿ ಆಹ್ವಾನ ಪತ್ರ, ಫೋಟೋ ಇರುವ ಗುರುತಿನ ಚೀಟಿ ನೋಡಿ ಒಳಗೆ ಬಿಟ್ಟರು. ಅಮ್ಮನ ಮೈಸೂರು ರೇಷ್ಮೆ ಸೀರೆ ಉಟ್ಟಿದ್ದೆ. ಮೊದಲು ಎದ್ದು ನಿಂತವರು ಆ ಭಾಗದ ಮೂಲನಿವಾಸಿಗಳಾದ ವುರುಂಡ್ಜೆರಿ ಜನಾಂಗದ ಹಿರಿಯ ಹೆಂಗಸು. ಇದು ನಮ್ಮ ಹಿರಿಯರ ನೆಲ, ನಿಮಗೆ ಸ್ವಾಗತ ಅಂದರು. ಜನವರಿ 26 ಅಂದರೆ 1788ರಲ್ಲಿ ಬ್ರಿಟಿಷರು ಸಿಡ್ನಿಯಲ್ಲಿ ಬಾವುಟ ನೆಟ್ಟ ದಿನ. ಅಲ್ಲಿನ ಮೂಲನಿವಾಸಿಗಳಲ್ಲಿ ಎಷ್ಟೋ ಜನಕ್ಕೆ ಅದು ದುಃಖದ ದಿನ. ಅಂಥ ದಿನವೂ ನಮ್ಮನ್ನು ಬನ್ನಿ ಅಂದರಲ್ಲ. ಇಡೀ ಕಾರ್ಯಕ್ರಮದಲ್ಲಿ ನನಗೆ ದೊಡ್ಡದು ಅನ್ನಿಸಿದ್ದು ಆ ಮಾತೇ.

ಪ್ರಮಾಣ ಒಂದೇ ವಾಕ್ಯದ್ದು. ದೇವರ ಹೆಸರು ಹೇಳಿಯೂ ಮಾಡಬಹುದು, ಹೇಳದೆಯೂ ಮಾಡಬಹುದು. ಆ ದೇಶಕ್ಕೆ, ಅದರ ಜನಕ್ಕೆ ನಿಷ್ಠಳಾಗಿರುತ್ತೇನೆ. ಅವರ ಪ್ರಜಾಪ್ರಭುತ್ವದ ನಂಬಿಕೆ ನನ್ನದೂ ಹೌದು. ಅವರ ಹಕ್ಕು, ಸ್ವಾತಂತ್ರ್ಯಗಳನ್ನು ಗೌರವಿಸುತ್ತೇನೆ, ಕಾನೂನು ಪಾಲಿಸುತ್ತೇನೆ. ಹೇಳಬೇಕಾದ್ದು ಇಷ್ಟೇ. ಸರ್ಟಿಫಿಕೇಟ್ ಕೈಗೆ ಬಂದಾಗಲ್ಲ, ಈ ಮಾತು ಬಾಯಿಂದ ಬಂದಾಗಲೇ ಪೌರರಾಗುವುದು. ನಿಷ್ಠೆ ಅನ್ನುವ ಪದದ ಹತ್ತಿರ ನನ್ನ ದನಿ ನಿಂತುಬಿಟ್ಟಿತು. ಗುಂಪಿನಲ್ಲಿ ಸುಮ್ನೆ ತುಟಿ ಆಡಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗೆ ಮಾಡಲು ಮನಸ್ಸು ಬರಲಿಲ್ಲ. ಉಸಿರು ತಗೊಂಡು ಜೋರಾಗಿ ಹೇಳಿ ಮುಗಿಸಿದೆ.

ಕೊನೆಗೆ ಎಲ್ಲರಿಗೂ ಒಂದೊಂದು ಸಸಿ ಕೊಟ್ಟರು. ನನ್ನದರ ಚೀಟಿಯಲ್ಲಿ 'ಗ್ರೆವಿಲಿಯಾ' ಅಂತಿತ್ತು. ಫೋನಿನಲ್ಲಿ ಅಪ್ಪನಿಗೆ ಓದಿ ಹೇಳಿದೆ. "ಈ ಹೆಸರು ಕೇಳಿದೀನಲ್ಲ" ಅಂದರು ಅಪ್ಪ. ಗ್ರೆವಿಲಿಯಾ ರೋಬಸ್ಟಾ ಅಂದರೆ ನಮ್ಮ ಸಿಲ್ವರ್ ಮರ. ಕಾಫಿಗೆ ನೆರಳು ಕೊಟ್ಟು, ಮೆಣಸಿನ ಬಳ್ಳಿ ಹಬ್ಬಿಸಿಕೊಂಡು ನಿಂತಿರುವ ಆ ಮರದ ಮೂಲ ಆಸ್ಟ್ರೇಲಿಯಾದ ಪೂರ್ವ ಕರಾವಳಿ. ಅಷ್ಟರಲ್ಲಿ ಊರಲ್ಲಿ ಬೆಳಕು ಹರಿದಿತ್ತು. ಅಪ್ಪ ಏನೂ ಹೇಳದೆ ಫೋನನ್ನು ಮೇಲಕ್ಕೆ ತಿರುಗಿಸಿದರು. ಕಣದ ಅಂಚಿನ ಸಿಲ್ವರ್ ಮರಗಳು ಮಂಜಿನಲ್ಲಿ ಸಾಲಾಗಿ ಕಂಡವು. "ಶಾಲೆಲಿ ಧ್ವಜ ಹಾರಿಸ್ತಾರೆ, ಸ್ನಾನ ಮಾಡಿ ಹೊರಡ್ತೀನಿ" ಅಂತ ಹೇಳಿ ಫೋನ್ ಇಟ್ಟರು.