ರೈಫಲ್ಲಿಗೆ ಕಟ್ಟಿದ ಟಾರ್ಚು: ಸೆಲ್ಲಿನ ಬಾಳಿಕೆಯನ್ನು ನಾವೇ ಅಳೆದು ನೋಡುವ ಬಗೆ

ನಮ್ಮ ಹಳ್ಳಿಗಳಲ್ಲಿ ಟಾರ್ಚನ್ನೇ ಬ್ಯಾಟರಿ ಎಂದೂ ಅದರೊಳಗೆ ತುಂಬುವುದನ್ನು ಶೆಲ್ಲು ಎಂದೂ ಕರೆಯುವುದುಂಟು. ಅಮೆರಿಕದಲ್ಲಿ ನೆಲೆಸಿ, ಅಲ್ಲಿನ ಕಾನೂನಿನ ಪ್ರಕಾರ ರೈಫಲ್ ಇಟ್ಟುಕೊಂಡು, ಅದರ ನಳಿಗೆಯ ಪಕ್ಕದ ರೇಲಿಗೆ, ಅಂದರೆ ಸಲಕರಣೆ ಸಿಕ್ಕಿಸುವ ಪಟ್ಟಿಗೆ, ಟಾರ್ಚು ಕಟ್ಟಿಸಿಕೊಂಡಿರುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳುವ ಯಾವ ಕೆಲಸಕ್ಕೂ ಮೊದಲು ಗುಂಡು ತುಂಬಿಡುವ ಮ್ಯಾಗಜೀನ್ ತೆಗೆದು, ಹಾರಲಿರುವ ಗುಂಡು ಕೂರುವ ಚೇಂಬರ್ ಖಾಲಿಯಿರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಬೇಕು.

ಟಾರ್ಚಿನ ಡಬ್ಬಿಯ ಮೇಲೆ ಮುದ್ರಿಸಿರುವ ‘ಬಾಳಿಕೆ ಒಂದೂವರೆ ಗಂಟೆ’ ಎಂಬಂಥ ಮಾತು ಸುಳ್ಳಲ್ಲ, ಆದರೆ ಅದರ ಅರ್ಥ ನಾವಂದುಕೊಂಡದ್ದಲ್ಲ. ಅಮೆರಿಕದ ಟಾರ್ಚು ತಯಾರಕರು ಅನುಸರಿಸುವ ಎಫ್‌ಎಲ್‌1 ಮಾನದಂಡದಲ್ಲಿ, ದೀಪ ಹೊತ್ತಿಸಿದ 30 ಸೆಕೆಂಡಿನ ನಂತರದ ಬೆಳಕನ್ನು ಆರಂಭದ ಬೆಳಕೆಂದು ಹಿಡಿದು, ಅದು ಶೇ 10ಕ್ಕೆ ಇಳಿಯುವವರೆಗಿನ ಅವಧಿಯನ್ನು ಬಾಳಿಕೆ ಎಂದು ಲೆಕ್ಕ ಹಾಕುತ್ತಾರೆ. ಅಂದರೆ 1000 ಲ್ಯೂಮೆನ್ನಿನ (ಲ್ಯೂಮೆನ್ ಎಂದರೆ ದೀಪ ಚೆಲ್ಲುವ ಬೆಳಕಿನ ಅಳತೆ) ದೀಪ 100 ಲ್ಯೂಮೆನ್ನಿಗೆ ಕುಗ್ಗುವವರೆಗೂ ‘ಉರಿಯುತ್ತಿದೆ’ ಎಂದೇ ಲೆಕ್ಕ. ಇದರ ಮೇಲೆ, ಎಲ್‌ಇಡಿ ಬಿಸಿಯೇರಿದಾಗ ತನ್ನನ್ನು ತಾನೇ ತಗ್ಗಿಸಿಕೊಳ್ಳುವ ವ್ಯವಸ್ಥೆಯೂ ಹಲವು ದೀಪಗಳಲ್ಲಿದೆ.

ಆದ್ದರಿಂದ ಒಮ್ಮೆ ಮನೆಯಲ್ಲೇ ಅಳೆಯಿರಿ. ಟಾರ್ಚನ್ನು ರೈಫಲ್ಲಿನಿಂದ ಬಿಚ್ಚಿ, ಹೊಸ ಸೆಲ್ ಹಾಕಿ, ಕತ್ತಲ ಕೋಣೆಯಲ್ಲಿ ಬಿಳಿಗೋಡೆಯತ್ತ ಹೊತ್ತಿಸಿಡಿ. ಫೋನಿನ ಕ್ಯಾಮೆರಾದಲ್ಲಿ ಎಕ್ಸ್‌ಪೋಷರ್ ಬದಲಾಗದಂತೆ ಲಾಕ್ ಮಾಡಿ, ಐದೈದು ನಿಮಿಷಕ್ಕೆ ಒಂದೊಂದು ಚಿತ್ರ ತೆಗೆಯಿರಿ. ಗೋಡೆ ಎಷ್ಟನೆಯ ನಿಮಿಷಕ್ಕೆ ಮಂಕಾಯಿತೋ ಅದೇ ನಿಮ್ಮ ದೀಪದ ನಿಜವಾದ ಬಾಳಿಕೆ. ಒಂದು ಜೋಡಿ ಸೆಲ್ ಖರ್ಚಾಗುತ್ತದೆ, ನಿಜ. ಆದರೆ ಆಮೇಲೆ ಊಹೆಯ ಮೇಲೆ ನಡೆಯಬೇಕಾಗಿಲ್ಲ.

ಸೆಲ್ಲುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಸಿಆರ್123ಎ ಒಮ್ಮೆ ಬಳಸಿ ಎಸೆಯುವ 3 ವೋಲ್ಟಿನ ಲಿಥಿಯಂ ಸೆಲ್. ಸುಮಾರು 1500 ಮಿಲಿಯಾಂಪ್ ಗಂಟೆಯ ಸಾಮರ್ಥ್ಯವುಳ್ಳ ಇದು ಬಳಸದೆ ಇಟ್ಟರೆ ಹತ್ತು ವರ್ಷದವರೆಗೆ ಕೆಡದೆ ಇರುತ್ತದೆ ಮತ್ತು ಕೊರೆಯುವ ಚಳಿಯನ್ನೂ ತಡೆಯುತ್ತದೆ. 18650 ಚಾರ್ಜು ಮಾಡಬಹುದಾದ ಲಿಥಿಯಂ-ಅಯಾನ್ ಸೆಲ್. ಹೆಸರಿನಲ್ಲೇ 18 ಮಿಲಿಮೀಟರ್ ವ್ಯಾಸ ಮತ್ತು 65 ಮಿಲಿಮೀಟರ್ ಉದ್ದ ಅಡಗಿದೆ. ಒಳ್ಳೆಯ ಒಂದು 18650ರಲ್ಲಿ 12 ವ್ಯಾಟ್ ಗಂಟೆಗೂ ಹೆಚ್ಚು ಶಕ್ತಿಯಿದ್ದರೆ, ಎರಡು ಸಿಆರ್123ಎ ಸೇರಿದರೂ 9 ವ್ಯಾಟ್ ಗಂಟೆಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಶ್ಯೂರ್‌ಫೈರ್ ಕಂಪನಿಯ ಎಂ600ಡಿಎಫ್ ಎಂಬ ರೈಫಲ್ ಟಾರ್ಚು ಎರಡನ್ನೂ ಸ್ವೀಕರಿಸುತ್ತದೆ: 18650 ಹಾಕಿದರೆ 1500 ಲ್ಯೂಮೆನ್, ಸಿಆರ್123ಎ ಹಾಕಿದರೆ 1200. ವಾರವಾರ ಗುಂಡು ಹಾರಿಸುವ ಅಭ್ಯಾಸಕ್ಕೆ ರೇಂಜಿಗೆ ಹೋಗುವವರಿಗೆ 18650 ಒಳ್ಳೆಯದು. ತಿಂಗಳುಗಟ್ಟಲೆ ಬೀರುವಿನಲ್ಲೇ ಇರುವ ರೈಫಲ್ಲಿಗೆ ಸಿಆರ್123ಎ ಲೇಸು ಎಂಬುದು ನನ್ನ ಅಭಿಪ್ರಾಯ. ಹಳೆಯದನ್ನೂ ಹೊಸದನ್ನೂ ಜೋಡಿ ಮಾಡಬೇಡಿ, ಏಕೆಂದರೆ ಮೊದಲು ಬರಿದಾದ ಸೆಲ್ಲಿನೊಳಗೆ ವಿದ್ಯುತ್ ತಿರುವುಮುರುವಾಗಿ ಹರಿದು ಅದು ಸಿಡಿಯುವ ಅಪಾಯವಿದೆ. ಸಿಆರ್123ಎ ಅಳತೆಯಲ್ಲೇ ಸಿಗುವ ಚಾರ್ಜಿನ ಸೆಲ್ಲುಗಳು ತುಂಬಿದಾಗ ತಲಾ 4.2 ವೋಲ್ಟ್ ಇರುವುದರಿಂದ, 6 ವೋಲ್ಟಿಗೆಂದು ಮಾಡಿದ ದೀಪ ಅವೆರಡರಿಂದ ಸುಟ್ಟುಹೋಗಬಹುದು.

ಇಷ್ಟೆಲ್ಲ ಸರಿಯಿದ್ದರೂ ದೀಪ ಕೈಕೊಡುವುದು ಹೆಚ್ಚಾಗಿ ಸೆಲ್ ಮುಗಿದಾಗಲ್ಲ, ಸಂಪರ್ಕ ತಪ್ಪಿದಾಗ. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ. ಒಳಗಿನ ಭಾರದ ಸೆಲ್ ಮಾತ್ರ ಇದ್ದಲ್ಲೇ ನಿಲ್ಲಲು ನೋಡುತ್ತದೆ, ಸ್ಪ್ರಿಂಗ್ ಕುಗ್ಗುತ್ತದೆ, ಕ್ಷಣಾರ್ಧದಲ್ಲಿ ಲೋಹದಿಂದ ಲೋಹ ದೂರವಾಗುತ್ತದೆ. ರೇಂಜಿನಲ್ಲಿ ದೀಪ ಹೊತ್ತಿಸಿಕೊಂಡೇ ಒಂದೆರಡು ಮ್ಯಾಗಜೀನ್ ಖಾಲಿ ಮಾಡಿ ನೋಡಿ. ಬೆಳಕು ಮಿಣುಕಿದರೆ ಅಥವಾ ತಾನಾಗಿ ಮಟ್ಟ ಬದಲಿಸಿದರೆ, ಸ್ಪ್ರಿಂಗ್ ಸೋತಿದೆಯೇ, ಸೆಲ್ಲಿನ ಉದ್ದವೂ ತುದಿಯ ಆಕಾರವೂ ತಯಾರಕರು ಹೇಳಿದಂತಿವೆಯೇ ಎಂದು ಪರೀಕ್ಷಿಸಿ, ಸಂಪರ್ಕದ ಬಿಂದುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಯಿಂದ ಒರೆಸಿ.

ಮುಂದಿನ ಸಂಶಯ ಸ್ವಿಚ್ಚಿನ ಮೇಲೆ. ತಂತಿ ಎಳೆದು ಅಂಟಿಸುವ ಒತ್ತುಪಟ್ಟಿ ಕೈಗೆ ಅನುಕೂಲ, ಆದರೆ ಆ ತಂತಿಯೇ ಇಡೀ ಜೋಡಣೆಯ ದುರ್ಬಲ ಕೊಂಡಿ. ಬಾಲದ ಮುಚ್ಚಳದಲ್ಲಿರುವ ಸಾದಾ ಗುಂಡಿಯನ್ನೇ ನಾನು ಹೆಚ್ಚು ನಂಬುತ್ತೇನೆ. ಬೀರುವಿನಲ್ಲಿ ಏನೋ ಒತ್ತಿ ದೀಪ ತಾನಾಗಿ ಹೊತ್ತಿಕೊಂಡು ರಾತ್ರಿಯಿಡೀ ಉರಿಯುವುದು ಅಪರೂಪವೇನಲ್ಲ. ವಿದ್ಯುತ್ ಹರಿಯಗೊಡದ ಲೇಪವಿರುವ ತಿರುಪುಗಳ ಟಾರ್ಚಿನಲ್ಲಿ ಮುಚ್ಚಳವನ್ನು ತುಸು ಸಡಿಲಿಸಿದರೆ ವಿದ್ಯುತ್ತಿನ ದಾರಿಯೇ ಕಡಿದು ಇದು ತಪ್ಪುತ್ತದೆ, ಆದರೆ ರಕ್ಷಣೆಗೆಂದು ಇಟ್ಟ ರೈಫಲ್ಲಿನಲ್ಲಿ ಹಾಗೆ ಸಡಿಲಿಸಿಟ್ಟದ್ದನ್ನು ಮರೆಯಬಾರದು. ಟಾರ್ಚನ್ನು ರೇಲಿಗೆ ಹಿಡಿದಿಡುವ ಮೌಂಟಿನ ಸ್ಕ್ರೂಗಳು ಸಡಿಲಗೊಳ್ಳದಂತೆ, ಬಿಚ್ಚಲು ಬರುವ ನೀಲಿ ಥ್ರೆಡ್‌ಲಾಕರ್ ಅಂಟು ಸಾಕು. ಗುಂಡು ಹಾರಿಸಿದಾಗ ಟಾರ್ಚಿನ ಗಾಜಿನ ಮೇಲೆ ಕೂರುವ ಮಸಿಯನ್ನು ಪ್ರತಿ ಸಲವೂ ಒರೆಸಬೇಕು. ಸೆಲ್ ಹೊಸದಾಗಿದ್ದರೂ ಮಸಿ ಹಿಡಿದ ಗಾಜು ಅದರ ಬೆಳಕನ್ನು ನುಂಗುತ್ತದೆ.

ವಿಮಾನದಲ್ಲಿ ಹೋಗುವಾಗ ರೈಫಲ್ ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ, ತಿಳಿಸಿ ಒಪ್ಪಿಸಿದ ಲಗೇಜಿನೊಡನೆ ಹೋಗುತ್ತದೆ. ಬಿಡಿ ಲಿಥಿಯಂ ಸೆಲ್ಲುಗಳು ಮಾತ್ರ ಕೈಚೀಲದಲ್ಲೇ ಇರಬೇಕು.

ಸಿಆರ್123ಎ ಕೊನೆಯವರೆಗೂ 3 ವೋಲ್ಟಿನ ಹತ್ತಿರವೇ ತೋರಿಸುವುದರಿಂದ ಮೀಟರ್ ಹಿಡಿದು ಅದರ ಉಳಿಕೆಯನ್ನು ತಿಳಿಯುವುದು ಕಷ್ಟ. ಅದಕ್ಕಿಂತ, ಹಾಕಿದ ದಿನಾಂಕವನ್ನು ಸೆಲ್ಲಿನ ಮೇಲೆಯೇ ಮಾರ್ಕರಿನಿಂದ ಬರೆದು, ವರ್ಷಕ್ಕೊಮ್ಮೆ, ಮರೆಯದಂಥ ಒಂದು ದಿನ, ಯುಗಾದಿಯೇ ಇರಲಿ, ತಪ್ಪದೆ ಬದಲಿಸಿ. ತೆಗೆದ ಸೆಲ್ಲುಗಳನ್ನು ಜೋಡಿ ಬೇರ್ಪಡಿಸದೆ ಅದೇ ಅಳತೆಯ ಕೈಟಾರ್ಚಿಗೆ ಹಾಕಿಟ್ಟುಕೊಳ್ಳಿ. ರಾತ್ರಿ ಹೊರಗೆ ಏನೋ ಸದ್ದಾದಾಗ ಮೊದಲು ಹಿಡಿಯಬೇಕಾದದ್ದು ಆ ಕೈಟಾರ್ಚನ್ನೇ. ರೈಫಲ್ಲಿನ ದೀಪ ಎತ್ತ ತಿರುಗಿದರೆ ನಳಿಗೆಯೂ ಅತ್ತಲೇ ತಿರುಗಿರುತ್ತದೆ.