ಐದು ಸಾವಿರದೊಳಗೆ ಸೆಕೆಂಡ್ ಹ್ಯಾಂಡ್ ಡ್ಯಾಕ್: ಏನು ನೋಡಿ ತಗೋಬೇಕು

ತುಮಕೂರಿನ ಎಷ್ಟೋ ಮನೆಗಳಲ್ಲಿ ಅಪ್ಪನ ಕಾಲದ ಒಳ್ಳೆಯ ಆಂಪ್ಲಿಫೈಯರ್, ಸ್ಪೀಕರ್ ಇವೆ. ಅವಕ್ಕೆ ಹಾಡು ಹೋಗುವುದು ಮಾತ್ರ ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ. ಬಟವಾಡಿಯ ನಮ್ಮ ಮನೆಯಲ್ಲೂ ಹಾಗೇ ಇತ್ತು. ಹಾಡಿನ ಫೈಲಿನಲ್ಲಿರುವ ಅಂಕಿಗಳನ್ನು ಆಂಪ್ಲಿಫೈಯರ್‌ಗೆ ಬೇಕಾದ ಸಿಗ್ನಲ್ ಆಗಿ ಬದಲಿಸುವ ಸಣ್ಣ ಡಬ್ಬಿಯೇ ಡ್ಯಾಕ್. ಒಳಗೆ ತಿರುಗುವ ಭಾಗವಿಲ್ಲ, ಸವೆಯುವುದು ಕಡಿಮೆ. ಹಾಗಾಗಿ ಹಳೆಯದನ್ನು ಧೈರ್ಯವಾಗಿ ಕೊಳ್ಳಬಹುದು.

ಒಳಗಿನ ಎಲೆಕ್ಟ್ರಾನಿಕ್ ಚಿಪ್‌ನ ಹೆಸರು ಆಮೇಲೆ ಕೇಳಿ, ಮೊದಲು ಹಿಂಬದಿಯ ಫೋಟೊ ತರಿಸಿಕೊಳ್ಳಿ. ಲ್ಯಾಪ್‌ಟಾಪ್‌ಗಾದರೆ ಯುಎಸ್‌ಬಿ ಇನ್‌ಪುಟ್, ಟಿವಿಗಾದರೆ ಆಪ್ಟಿಕಲ್ (ಬೆಳಕಿನ ಕೇಬಲ್ ಚುಚ್ಚುವ ಕಿಂಡಿ), ಹಳೆಯ ಸಿಡಿ ಪ್ಲೇಯರ್‌ಗಾದರೆ ಸಾಮಾನ್ಯವಾಗಿ ಕೋಆಕ್ಸಿಯಲ್ (ಒಂದೇ ತಾಮ್ರದ ಕೇಬಲ್ ಚುಚ್ಚುವ ದುಂಡು ಕಿಂಡಿ) ಬೇಕು. ಟಾಪಿಂಗ್ ಡಿ10 ಅನ್ನುವ ಡ್ಯಾಕಿನ ಹಿಂದೆ ಆಪ್ಟಿಕಲ್ ಕಿಂಡಿ ಇದೆ, ಆದರೆ ಅದು ಔಟ್‌ಪುಟ್. ಟಿವಿಗೆಂದು ತಂದರೆ ಕೆಲಸಕ್ಕೆ ಬಾರದು. ಫಿಯೋ ಡಿ03ಕೆ ಇದಕ್ಕೆ ಉಲ್ಟಾ: ಆಪ್ಟಿಕಲ್, ಕೋಆಕ್ಸಿಯಲ್ ಎರಡನ್ನೂ ತಗೊಳ್ಳುತ್ತದೆ, ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ ಹಾಡು ತಗೊಳ್ಳುವುದಿಲ್ಲ. ಟಾಪಿಂಗ್ ಇ30ಯಲ್ಲಿ ಮೂರೂ ಇನ್‌ಪುಟ್ ಇವೆ. ಬಜೆಟ್ಟಿಗೆ ಸಿಕ್ಕರೆ ಬಿಡಬೇಡಿ.

'32 ಬಿಟ್, 768 ಕಿಲೋಹರ್ಟ್ಜ್' ಅಂತ ಹೇಳಿ ರೇಟು ಏರಿಸುತ್ತಾರೆ. ಧ್ವನಿಯನ್ನು ಎಷ್ಟು ಸೂಕ್ಷ್ಮವಾಗಿ, ಸೆಕೆಂಡಿಗೆ ಎಷ್ಟು ಸಲ ಅಳೆದಿದೆ ಅನ್ನುವ ಲೆಕ್ಕ ಅದು. ಸಿಡಿಯಲ್ಲಿರುವುದೇ 16 ಬಿಟ್, 44.1 ಕಿಲೋಹರ್ಟ್ಜ್. 24 ಬಿಟ್, 96 ಕಿಲೋಹರ್ಟ್ಜ್ ಇದ್ದರೆ ನಮ್ಮಂಥವರಿಗೆ ಧಾರಾಳ. ಆ ಅಂಕಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಅಡಾಪ್ಟರ್ ವಿಷಯದಲ್ಲಿ ಮಾತ್ರ ತುಂಬಾ ಜೋಪಾನ. 5 ವೋಲ್ಟಿನ ಡ್ಯಾಕ್‌ಗೆ ರೂಟರಿನ 12 ವೋಲ್ಟ್ ಪಿನ್ ಎಷ್ಟೋ ಸಲ ಸರಿಯಾಗಿ ಕೂರುತ್ತದೆ, ಕೂತರೆ ಡ್ಯಾಕ್ ಸುಟ್ಟೇ ಹೋಗಬಹುದು. ವೋಲ್ಟ್, ಆಂಪಿಯರ್, ಪಿನ್ನಿನ ಪ್ಲಸ್-ಮೈನಸ್ ಗುರುತು, ಎಸಿಯೋ ಡಿಸಿಯೋ, ಎಲ್ಲವನ್ನೂ ಡಬ್ಬಿಯ ಮೇಲಿನ ಬರಹಕ್ಕೆ ತಾಳೆ ಹಾಕಿ. ಅಡಾಪ್ಟರ್ ಕಳೆದಿದೆ ಅಂದರೆ ಅಷ್ಟು ದುಡ್ಡು ಇಳಿಸಿ.

ಮಾರುವವರು ಹೆಚ್ಚಾಗಿ ಬೆಂಗಳೂರಿನವರೇ. 70 ಕಿಲೋಮೀಟರ್ ತಾನೇ, ಕೊರಿಯರ್ ನಂಬುವ ಬದಲು ರೈಲು ಹತ್ತಿ. ನಿಮ್ಮ ಲ್ಯಾಪ್‌ಟಾಪ್, ಕೇಬಲ್, ಒಂದು ಚಿಕ್ಕ ಪವರ್ಡ್ ಸ್ಪೀಕರ್ (ಒಳಗೇ ಆಂಪ್ಲಿಫೈಯರ್ ಇರುವುದು) ಜೊತೆಗಿರಲಿ.

ಕೇಳಲು ತಂಬೂರಿ ಶ್ರುತಿಗಿಂತ ಒಳ್ಳೆಯದಿಲ್ಲ. ಅದು ಎಲ್ಲೂ ನಿಲ್ಲದ ನಾದ, ಮಧ್ಯೆ 'ಟಿಕ್' ಅಂದರೂ, ಅರೆಕ್ಷಣ ಕಡಿದರೂ ತಕ್ಷಣ ಕಿವಿಗೆ ಬೀಳುತ್ತದೆ. ಅರ್ಧ ಗಂಟೆ ಬಿಡಿ, ಡಬ್ಬಿ ಬಿಸಿಯಾಗಲಿ. ನಡುವೆ, ಡ್ಯಾಕಿನಿಂದ ಸ್ಪೀಕರಿಗೆ ಹೋಗುವ ಕೆಂಪು-ಬಿಳಿ ಆರ್‌ಸಿಎ ಪಿನ್‌ಗಳನ್ನು ಮೆಲ್ಲಗೆ ಅಲುಗಾಡಿಸಿ. ಒಂದು ಕಡೆಯ ಧ್ವನಿ ಹೋಗಿ ಬಂದರೆ ಸಾಕೆಟ್ಟಿನ ಬೆಸುಗೆ ಬಿಟ್ಟಿರಬಹುದು. ಆಮೇಲೆ ಹಾಡು ನಿಲ್ಲಿಸಿ ವಾಲ್ಯೂಮ್ ಏರಿಸಿ. 'ಗುಂಯ್' ಅನ್ನುತ್ತಿದ್ದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅದು ಅರ್ತಿಂಗ್ ತೊಂದರೆ, ಡ್ಯಾಕ್ ಮೇಲೆ ತಪ್ಪು ಹೊರಿಸಬೇಡಿ. ಆಪ್ಟಿಕಲ್ ಕೇಬಲ್‌ನಲ್ಲಿ ಹೋಗುವುದು ಬೆಳಕು, ಅದರ ಮೂಲಕ ಈ ತೊಂದರೆ ದಾಟುವುದಿಲ್ಲ.

ಮನೆಗೆ ತಂದ ಮೇಲೆ ಟಿವಿಯ ಆಡಿಯೊ ಸೆಟ್ಟಿಂಗನ್ನು ಪಿಸಿಎಂಗೆ, ಅಂದರೆ ಸಾದಾ ಡಿಜಿಟಲ್ ಧ್ವನಿಗೆ, ಇಡಿ. ಡಾಲ್ಬಿ ಅನ್ನುವ ಸಂಕೇತ ರೂಪದ ಧ್ವನಿ ಕಳಿಸಿದರೆ ಇಂಥ ಡ್ಯಾಕ್‌ಗಳಿಂದ ಹಾಡು ಬರುವುದಿಲ್ಲ. ಆಂಪ್ಲಿಫೈಯರ್ ಹಿಂದೆ ಆಕ್ಸ್ ಅಥವಾ ಸಿಡಿ ಅಂತಿರುವ ಕಡೆಗೆ ಚುಚ್ಚಿ. ಫೋನೋ ಕಿಂಡಿ ಗ್ರಾಮಫೋನ್ ತಟ್ಟೆಯ ಸಣ್ಣ ಸಿಗ್ನಲ್‌ಗೆ ಇರುವುದು, ಅಲ್ಲಿಗೆ ಡ್ಯಾಕಿನ 2 ವೋಲ್ಟ್ ಕೊಟ್ಟರೆ ಧ್ವನಿ ಒಡೆದುಹೋಗುತ್ತದೆ.